ಲುಮೀರ್‌ನ ಬೇರು, ಮಿಲಾಡಾಳ ಮೀನು

ಯಾವ ಮೀನಿನ ಜೊತೆ ಯಾವ ಮೀನನ್ನು ಬಿಡಬೇಕು ಎಂದು ಹ್ರಾನಿತ್ಸೆ ಊರಿನಲ್ಲಿ ಯಾರಿಗಾದರೂ ಅನುಮಾನ ಬಂದರೆ ನನ್ನ ಹತ್ತಿರ ಬರುತ್ತಾರೆ. ಇದು ಜಂಬದ ಮಾತಲ್ಲ, ಇದ್ದ ಮಾತು. ಗುರುವಾರ ಸಂಜೆ ರೈಲು ನಿಲ್ದಾಣದ ಹಿಂದಿನ ಪಬ್ಬಿನ ಒಳಕೋಣೆಯಲ್ಲಿ ನಮ್ಮ ಮೀನು ಸಾಕುವವರ ಸಂಘ ಸೇರುತ್ತದೆ. ಬಿಯರ್ ಬರುವ ಮೊದಲೇ ಯಾರಾದರೂ ಒಬ್ಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಿರುತ್ತಾರೆ.

"ಲಿಬುಶೆಯವರೇ, ನನ್ನ ಅಕ್ವೇರಿಯಂನಲ್ಲಿ ಪುಟ್ಟ ನಿಯಾನ್ ಮೀನು ಇವೆ. ಮಗಳು ಏಂಜೆಲ್ ಮೀನು ಬೇಕು ಅಂತ ಹಟ ಹಿಡಿದಿದ್ದಾಳೆ. ಬಿಡಬಹುದಾ?"

"ಬಾಯಿಗೆ ಹಿಡಿಯೋದೆಲ್ಲ ತಿಂಡಿ," ಎನ್ನುತ್ತೇನೆ. "ಈಗ ನಿಮ್ಮ ಏಂಜೆಲ್ ಗುಂಡಿಯಷ್ಟಿದೆ. ಅಂಗೈಯಷ್ಟಾಗಲಿ, ಆಮೇಲೆ ನಿಯಾನ್ ಎಲ್ಲಿ ಹೋದವು ಅಂತ ನನ್ನನ್ನ ಕೇಳೋಕೆ ಬರಬೇಡಿ."

ಅವರ ಮುಖ ಹುಳ್ಳಗಾಗುತ್ತದೆ. ಸಲಹೆ ಕೇಳಲು ಬರುವವರಿಗೆ ಬೇಕಾಗಿರುವುದು ಸಲಹೆಯಲ್ಲ, ಅಪ್ಪಣೆ. ನಾನು ಶಾಲೆಯ ಊಟದ ಮನೆಯಲ್ಲಿ ಜೀವಮಾನವಿಡೀ ಅಡಿಗೆ ಬೇಯಿಸಿದವಳು. ಯಾವ ಹುಡುಗನ ಪಕ್ಕ ಯಾವ ಹುಡುಗನನ್ನು ಕೂರಿಸಿದರೆ ತಟ್ಟೆ ಹಾರುತ್ತದೆ ಎಂದು ಗೊತ್ತಿದ್ದವಳಿಗೆ ಮೀನು ಏನು ದೊಡ್ಡದು? ತಳದಲ್ಲಿ ಮಣ್ಣು ಕೆದಕಿಕೊಂಡು ಬದುಕುವವುಗಳಿಗೆ ತಳ ಬಿಟ್ಟುಕೊಡಬೇಕು, ಗುಂಪಿನಲ್ಲಿ ತಿರುಗುವವನ್ನು ಒಂಟಿ ಮಾಡಬಾರದು, ಮೆದು ನೀರಿನದನ್ನು ಗಡಸು ನೀರಿಗೆ ತಂದು ಕೊಲ್ಲಬಾರದು. ಇನ್ನು ಒಂದೇ ಜಾತಿಯ ಎರಡು ಗಂಡು ಎಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ. ಪುಸ್ತಕದಲ್ಲಿ ಆ ಜಾತಿಗೆ 'ಸಾಧು' ಅಂತ ಬರೆದಿರಲಿ, ಏನೇ ಬರೆದಿರಲಿ. ಸಾಧುಗಳಿಗೂ ಸಿಟ್ಟು ಬರುವುದು ತಮ್ಮಂಥವರನ್ನು ಕಂಡಾಗಲೇ.

ನನ್ನ ಮನೆಯ ಮೀನಿನ ಗಾಜಿನ ತೊಟ್ಟಿಯನ್ನು ತೋರಿಸಲು ಸಂಘದವರು ಹೊಸಬರನ್ನು ಕರೆದುಕೊಂಡು ಬರುತ್ತಾರೆ. ಬೈಠಕ್ಕಿನ ಕೋಣೆಯ ಅರ್ಧ ಗೋಡೆಯನ್ನು ಅದೇ ಹಿಡಿದಿದೆ. ತಳದಲ್ಲಿ ಮೀಸೆ ಮೀನುಗಳು, ನಡುವೆ ಟೆಟ್ರಾಗಳ ಗುಂಪು, ಮೇಲೆ ಒಂದು ಜೋಡಿ ಗೌರಾಮಿ. ಮಧ್ಯದಲ್ಲಿ ಕೈ ಚಾಚಿ ನಿಂತಂತೆ ಒಂದು ದೊಡ್ಡ ಮರದ ಬೇರು. ಅದನ್ನು ನನ್ನ ಗಂಡ ಲುಮೀರ್ ಬೆಚ್ವಾ ನದಿಯ ಪ್ರವಾಹ ಇಳಿದ ಮೇಲೆ ದಡದಿಂದ ಹೆಗಲ ಮೇಲೆ ಹೊತ್ತು ತಂದು, ಬಟ್ಟೆ ಕುದಿಸುವ ಹಂಡೆಯಲ್ಲಿ ದಿನಗಟ್ಟಲೆ ಕುದಿಸಿ, ಒಂದು ಇಡೀ ಭಾನುವಾರ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕೊನೆಗೆ ಅಲ್ಲಿ ನಿಲ್ಲಿಸಿದ. "ಇನ್ನು ಇದನ್ನ ಯಾರೂ ಮುಟ್ಟಬೇಡಿ," ಎಂದಿದ್ದ. ಮನೆಯಲ್ಲಿ ಇದ್ದವಳು ನಾನೊಬ್ಬಳೇ, ಆದರೂ 'ಯಾರೂ' ಎಂದ. ಅವನು ತೀರಿಕೊಂಡು ಎಂಟು ವರ್ಷವಾಯಿತು. ನಾನು ಮುಟ್ಟಿಲ್ಲ.

ಓಟಕರ್ ನನಗೆ ಸಿಕ್ಕಿದ್ದು ಮೀನಿನ ಸಂತೆಯಲ್ಲಿ. ವಸಂತ ಬಂತೆಂದರೆ ಭಾನುವಾರ ಬೆಳಿಗ್ಗೆ ಊರಿನ ಸಭಾಭವನದಲ್ಲಿ ಸುತ್ತಲಿನ ಊರಿನವರೆಲ್ಲ ತಾವು ಸಾಕಿದ ಮರಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೂರುತ್ತಾರೆ. ಉದ್ದನೆಯ, ಸ್ವಲ್ಪ ಬಗ್ಗಿದ ಒಬ್ಬ ಮನುಷ್ಯ ಸೌತೆಕಾಯಿ ಉಪ್ಪಿನಕಾಯಿಯ ದೊಡ್ಡ ಜಾಡಿಯನ್ನು ಕೋಟಿನೊಳಗೆ ಅವುಚಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತಿದ್ದ. ಪ್ರತಿ ಮೇಜಿನ ಮುಂದೆಯೂ ನಿಂತು, ಬಾಯಿ ತೆರೆದು, ಏನೂ ಕೇಳದೆ ಮುಂದೆ ಹೋಗುತ್ತಿದ್ದ. ನನ್ನ ಮೇಜಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಮೀನು ಕೊಡೋಕೆ ಬಂದಿದ್ದೀರಾ, ಬಚ್ಚಿಡೋಕೆ ಬಂದಿದ್ದೀರಾ?"

"ಹೆಂಡತಿಯದು," ಎಂದ. "ಮಿಲಾಡಾ ಹೋಗಿ ವರ್ಷ ಆಯ್ತು. ನಾನು ರೈಲು ಡಬ್ಬಿ ರಿಪೇರಿ ಮಾಡ್ತಿದ್ದವನು, ಮೀನಿನ ವಿಷಯ ನಂಗೇನೂ ಗೊತ್ತಿಲ್ಲ. ನನ್ನ ಕೈಯಲ್ಲೇ ಸತ್ತುಹೋದ್ರೆ ಅಂತ ಭಯ. ಯಾರಾದ್ರೂ ಒಳ್ಳೆಯವರಿಗೆ ಕೊಟ್ಟುಬಿಡೋಣ ಅಂತ ಬಂದೆ."

ಕೋಟು ಸರಿಸಿ ನೋಡಿದೆ. ಒಂದು ಗಂಡು ಗೌರಾಮಿ. ಎದೆ ಕಿತ್ತಳೆ ಬಣ್ಣ, ಮೈಯೆಲ್ಲ ಬಿಳಿ ಮುತ್ತು ಚೆಲ್ಲಿದಂತೆ. ಹೊಟ್ಟೆಯ ಹತ್ತಿರದ ಎರಡು ಉದ್ದ ಎಳೆಗಳಿಂದ ಜಾಡಿಯ ಗಾಜನ್ನು ಮುಟ್ಟಿ ಮುಟ್ಟಿ ಪರೀಕ್ಷೆ ಮಾಡುತ್ತಿತ್ತು. ಅದಕ್ಕೇ ಮಿಲಾಡಾ ಅದಕ್ಕೆ 'ಇನ್ಸ್‌ಪೆಕ್ಟರ್' ಎಂದು ಹೆಸರಿಟ್ಟಿದ್ದಳಂತೆ.

"ಮೊದಲು ಆ ಮುಚ್ಚಳ ತೆಗೀರಿ," ಎಂದೆ. "ಇದು ಮೇಲೆ ಬಂದು ಗಾಳಿ ಕುಡಿಯೋ ಜಾತಿ. ಬರೀ ನೀರಲ್ಲಿರೋ ಉಸಿರು ಇದಕ್ಕೆ ಸಾಲಲ್ಲ. ಆಮೇಲೆ ಮನೆಗೆ ಹೋಗಿ. ಕೊಡೋ ಮುಖ ಅಲ್ಲ ನಿಮ್ದು."

ಮರುದಿನ ಫೋನ್ ಮಾಡಿದ, ಅದು ಏನು ತಿನ್ನುತ್ತದೆ ಎಂದು ಕೇಳಲು. ಅದರ ಮರುವಾರ ನೀರು ಎಷ್ಟು ಬದಲಿಸಬೇಕು ಎಂದು. ಆಮೇಲಾಮೇಲೆ ಕೇಳಲು ಏನೂ ಇಲ್ಲದಿದ್ದರೂ ತನ್ನ ಊರು ಲಿಪ್ನಿಕ್‌ನಿಂದ ರೈಲು ಹತ್ತಿ ಬರತೊಡಗಿದ. ಬೇಸಿಗೆಯಲ್ಲಿ ಒಂದು ಬುಟ್ಟಿ ಚೆರ್ರಿ ತಂದ, ನಾನು ಕೇಕು ಮಾಡಿದೆ. ಹೆಚ್ಚು ಮಾತಾಡುವವನಲ್ಲ. ಎದುರಿಗೆ ಕೂತು ನನ್ನ ಮಾತು ಕೇಳುತ್ತಿದ್ದ, ಮತ್ತು ನಿಜವಾಗಿ ಕೇಳುತ್ತಿದ್ದ. ಈ ವಯಸ್ಸಿನಲ್ಲಿ ಅಂಥವರು ಸಿಗುವುದು ಅಷ್ಟು ಸುಲಭವಲ್ಲ ಎಂದು ಗಂಡಸರ ಪರಿಚಯ ಇರುವ ಹೆಂಗಸರಿಗೆಲ್ಲ ಗೊತ್ತು.

ಅಕ್ಟೋಬರಿನಲ್ಲಿ ನಾನೇ ಹೇಳಿದೆ, ಚಳಿಗಾಲ ಇಲ್ಲೇ ಇದ್ದು ನೋಡು, ಸರಿಹೋದರೆ ಸರಿ, ಇಲ್ಲದಿದ್ದರೆ ನಿನ್ನ ಮನೆ ಇದ್ದೇ ಇದೆ. ಒಂದು ಸೂಟ್‌ಕೇಸು, ಒಂದು ದಪ್ಪ ಕೋಟು, ಜಾಡಿಯಲ್ಲಿ ಇನ್ಸ್‌ಪೆಕ್ಟರ್. ಇಷ್ಟೇ ತಂದ. ಹೊಸ ಮೀನನ್ನು ಯಾರೂ ನೇರವಾಗಿ ದೊಡ್ಡ ತೊಟ್ಟಿಗೆ ಬಿಡುವುದಿಲ್ಲ. ರೋಗ ಇದೆಯೋ ಇಲ್ಲವೋ ಎಂದು ಕೆಲವು ವಾರ ಬೇರೆ ಇಟ್ಟು ನೋಡಬೇಕು. ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಅದಕ್ಕೆಂದೇ ಒಂದು ಸಣ್ಣ ತೊಟ್ಟಿ ಇದೆ. ಅಲ್ಲಿಟ್ಟೆ.

ಸಂಘದ ಕೊಪೆಚೆಕ್‌ಗೆ ಬಾಯಿ ಸುಮ್ಮನಿರುವುದಿಲ್ಲ. ಆ ಗುರುವಾರ ಎಲ್ಲರ ಮುಂದೆ ಕೇಳಿದ, "ಲಿಬುಶೆಯವರೇ, ಕ್ವಾರಂಟೈನ್‌ನಲ್ಲಿ ಇಟ್ಟಿರೋದು ಯಾರನ್ನ? ಮೀನನ್ನೋ, ಓಟಕರ್ ಅವರನ್ನೋ?"

"ಇಬ್ಬರನ್ನೂ," ಎಂದೆ. "ನಿಮ್ಮನ್ನೂ ಯಾರಾದ್ರೂ ಇಟ್ಟಿದ್ರೆ ಊರಿಗೆ ಒಳ್ಳೇದಾಗ್ತಿತ್ತು." ಎಲ್ಲರೂ ನಕ್ಕರು. ಓಟಕರ್ ಕೂಡ ನಕ್ಕ, ತನ್ನ ಬಿಯರ್ ಲೋಟದ ಕಡೆ ನೋಡಿಕೊಂಡು.

ಅವನು ಇರುತ್ತಾನೋ ಹೋಗುತ್ತಾನೋ ಎಂಬುದು ಈಸ್ಟರ್ ಹಬ್ಬದೊಳಗೆ ಗೊತ್ತಾಗಬೇಕಿತ್ತು. ಅವನ ಮಗಳು ರಾಡ್ಕಾ ಗಂಡನನ್ನು ಬಿಟ್ಟು ಎರಡು ಮಕ್ಕಳ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅಪ್ಪ ಇಲ್ಲೇ ನೆಲೆ ನಿಲ್ಲುವುದಾದರೆ ಲಿಪ್ನಿಕ್‌ನ ಮನೆಗೆ ಅವಳು ಹೋಗುತ್ತಾಳೆ, ಅಪ್ಪ ವಾಪಸ್ಸು ಬರುವುದಾದರೆ ಬೇರೆ ಮನೆ ಹುಡುಕಬೇಕು. ಅವಳು ಕೇಳಿದ್ದು ನ್ಯಾಯವೇ. ಒಮ್ಮೆ ಮನೆ ಕೊಟ್ಟರೆ ಓಟಕರ್‌ಗೆ ಹಿಂದಕ್ಕೆ ಹೋಗಲು ಜಾಗವಿಲ್ಲ. ಅದಕ್ಕೇ ಅವನು ಯೋಚನೆ ಮಾಡುತ್ತಿದ್ದ.

ಅವನು ಇರಲಿ ಎಂದು ನನಗೆ ಆಸೆ ಇತ್ತು. ಬೆಳಿಗ್ಗೆ ಸ್ನಾನದ ಕೋಣೆಯಲ್ಲಿ ಅವನು ಕೆಮ್ಮುವ ಸದ್ದು ಕೇಳಿದರೆ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವನು ಅಂಗಡಿಗೆ ಹೋಗಿ ಬರುವುದು ತಡವಾದರೆ ಪರದೆ ಸರಿಸಿ ಸರಿಸಿ ನೋಡುತ್ತಿದ್ದೆ. ಇಷ್ಟೆಲ್ಲ ಇದ್ದೂ ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಹೇಳಬೇಕು, ನನ್ನ ಮನೆಯಲ್ಲಿ ಜಾಗ ಕೊಟ್ಟಿಲ್ಲವೇ, ಬಿಸಿ ಬಿಸಿ ಊಟ ಹಾಕುತ್ತಿಲ್ಲವೇ, ಇನ್ನೇನು ಆರತಿ ಎತ್ತಬೇಕೇ ಎಂದುಕೊಂಡಿದ್ದೆ.

ಕ್ರಿಸ್‌ಮಸ್ ಕಳೆದ ಮೇಲೆ ಇನ್ಸ್‌ಪೆಕ್ಟರನ್ನು ದೊಡ್ಡ ತೊಟ್ಟಿಗೆ ಬಿಟ್ಟೆ. ಅಲ್ಲಿ ನನ್ನ ಗಂಡು ಗೌರಾಮಿ ಮೊದಲಿನಿಂದ ಇದೆ, ಹಾಗಾಗಿ ಎರಡು ಗಂಡಾಯಿತು. ಹೀಗೆ ಬಿಡಲೇಬೇಕು ಎಂದು ಯಾರಾದರೂ ಬಂದು ಕೇಳಿದರೆ ನಾನು ಹೇಳುವುದು ಇದು: ಮೊದಲು ತೊಟ್ಟಿಯೊಳಗಿನ ಕಲ್ಲು, ಬೇರು, ಗಿಡ ಎಲ್ಲ ಕಿತ್ತು ಜಾಗ ಬದಲಾಯಿಸಿ. ಹಳೆಯದಕ್ಕೆ ತನ್ನ ಮೂಲೆ ಯಾವುದು ಎಂದು ತಿಳಿಯಬಾರದು. ಎಲ್ಲರಿಗೂ ಮನೆ ಹೊಸದಾಗಬೇಕು. ಆಮೇಲೆ ಹೊಸಬನನ್ನು ಬಿಡಿ. ನಾನು ಮಾತ್ರ ಏನೂ ಕೀಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇಷ್ಟು ದೊಡ್ಡ ತೊಟ್ಟಿ, ಎರಡೂ ಸಾಧು ಪ್ರಾಣಿ, ಅದರಲ್ಲೂ ಒಂದು ಮುದಿಯಾಗಿದೆ, ಏನು ಮಹಾ ಆಗಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಲುಮೀರ್ ನಿಲ್ಲಿಸಿದ ಬೇರಿಗೆ ಕೈ ಹಾಕಲು ನನಗೆ ಮನಸ್ಸಿರಲಿಲ್ಲ. ಅಷ್ಟೇ ವಿಷಯ.

ಮೊದಮೊದಲು ಏನೂ ಆಗಲಿಲ್ಲ. ಇನ್ಸ್‌ಪೆಕ್ಟರ್ ಹೊಸ ಜಾಗವನ್ನೆಲ್ಲ ಎಳೆಗಳಿಂದ ಮುಟ್ಟಿ ನೋಡುತ್ತ ತಿರುಗಿದ. ಓಟಕರ್ ಪ್ರತಿದಿನ ಊಟವಾದ ಮೇಲೆ ಅಡಿಗೆಮನೆಯಿಂದ ಸ್ಟೂಲು ತಂದು ತೊಟ್ಟಿಯ ಮುಂದೆ ಕೂರುತ್ತಿದ್ದ. ಆಮೇಲೆ ಸ್ಟೂಲನ್ನು ವಾಪಸ್ಸು ಅಡಿಗೆಮನೆಗೆ ಇಟ್ಟು ಬರುತ್ತಿದ್ದ. ಕನ್ನಡಕ ಎಲ್ಲಾದರೂ ಇಟ್ಟರೆ ನಾನು ಎತ್ತಿ ಕಪಾಟಿನಲ್ಲಿ ಇಡುತ್ತಿದ್ದೆ. ಒಂದು ದಿನ ಓದಲು ಬೆಳಕು ಸಾಲದೆಂದು ದೀಪವನ್ನು ಸೋಫಾದ ಈ ಕಡೆಗೆ ಎಳೆದಿದ್ದ. ನಾನು ಕಸ ಗುಡಿಸುವಾಗ ಅದನ್ನು ಮೊದಲಿದ್ದ ಜಾಗಕ್ಕೆ ಇಟ್ಟೆ. ಅವನು ಮತ್ತೆ ಎಳೆಯಲಿಲ್ಲ. ಕಿಟಕಿಯ ಹತ್ತಿರ ನಿಂತುಕೊಂಡೇ ಓದತೊಡಗಿದ.

ಮಾರ್ಚ್ ಬಂದಾಗ ನನ್ನ ಗೌರಾಮಿಗೆ ಬಣ್ಣ ಏರಿತು. ನೀರಿನ ಮೇಲೆ, ಬೇರಿನ ತುದಿಯ ಹತ್ತಿರ, ನೊರೆಯ ಗೂಡು ಕಟ್ಟಲು ಶುರು ಮಾಡಿತು. ಆಗಿನಿಂದ ಇನ್ಸ್‌ಪೆಕ್ಟರ್ ಹೊರಗೆ ಕಾಣಿಸುವುದು ಕಡಿಮೆಯಾಯಿತು.

"ಅವನು ಎರಡು ದಿನದಿಂದ ಊಟಕ್ಕೆ ಬಂದಿಲ್ಲ," ಎಂದ ಓಟಕರ್.

"ಹೊಸಬ ಅಲ್ವಾ, ಹೊಂದ್ಕೋತಾನೆ ಬಿಡು."

"ಮೂರು ತಿಂಗಳಾದ ಮೇಲೂ ಹೊಸಬನಾ?"

ನಾನು ಹಿಟ್ಟು ಕಲೆಸುತ್ತಿದ್ದೆ. ಉತ್ತರ ಕೊಡುವಷ್ಟು ದೊಡ್ಡ ಪ್ರಶ್ನೆ ಎಂದು ನನಗನ್ನಿಸಲಿಲ್ಲ.

ಈಸ್ಟರ್‌ಗೆ ಮುಂಚಿನ ಭಾನುವಾರ ರಾಡ್ಕಾ ಬಂದಳು. ಮಕ್ಕಳನ್ನು ಗೆಳತಿಯ ಹತ್ತಿರ ಬಿಟ್ಟು ಒಬ್ಬಳೇ ಬಂದಿದ್ದಳು. ಉತ್ತರ ತೆಗೆದುಕೊಂಡು ಹೋಗಲು ಬಂದವಳು ಎಂದು ನಮಗೆಲ್ಲರಿಗೂ ಗೊತ್ತಿತ್ತು. ಹಾಗಾಗಿ ಯಾರೂ ಆ ಮಾತು ಎತ್ತಲಿಲ್ಲ. ನಾನು ಹಿಂದಿನ ದಿನವೇ ಗೋಮಾಂಸವನ್ನು ತರಕಾರಿಯ ಜೊತೆ ನೆನೆಸಿ, ಕೆನೆ ಹಾಕಿದ ಸಾರು, ಆವಿಯಲ್ಲಿ ಬೇಯಿಸಿದ ಹಿಟ್ಟಿನ ಕಡುಬು ಎಲ್ಲ ಮಾಡಿದ್ದೆ.

ಬಾಗಿಲಲ್ಲಿ ಅವಳು ಬೂಟು ಬಿಚ್ಚಿದಳು. ನಮ್ಮಲ್ಲಿ ಯಾರ ಮನೆಗೇ ಹೋಗಲಿ, ಬೂಟು ಹೊರಗೆ, ಕಾಲಿಗೆ ಅತಿಥಿಗಳ ಚಪ್ಪಲಿ. ನನ್ನ ಮನೆಯಲ್ಲೂ ಬಾಗಿಲ ಪಕ್ಕ ಒಂದು ಬುಟ್ಟಿಯಲ್ಲಿ ಕಂದು ಬಣ್ಣದ ಉಣ್ಣೆ ಚಪ್ಪಲಿಗಳು ಇವೆ, ಎಲ್ಲ ಒಂದೇ ಥರ. ಅವಳು ಬಗ್ಗಿ ಒಂದು ಜೊತೆ ತೆಗೆದುಕೊಂಡಳು, ಹಾಕಿಕೊಂಡಳು. ಆಮೇಲೆ ಅಪ್ಪನ ಕಾಲು ನೋಡಿದಳು.

"ಅಪ್ಪಾ, ಇದೂ ಬುಟ್ಟಿದೇ ಅಲ್ವಾ?"

"ಬೆಚ್ಚಗಿದೆ ಕಣೇ," ಎಂದ ಓಟಕರ್.

"ನಿನ್ನ ಚೌಕಳಿದು ಎಲ್ಲಿ?"

"ಲಿಪ್ನಿಕ್‌ನಲ್ಲಿದೆ. ಇಲ್ಲಿ ಇದು ಇತ್ತಲ್ಲ."

ಅಕ್ಟೋಬರಿನಲ್ಲಿ ಅವನು ಬಂದ ದಿನ ಬುಟ್ಟಿಯಿಂದ ಒಂದು ಜೊತೆ ಎತ್ತಿ ಕೊಟ್ಟವಳು ನಾನೇ. ಆಮೇಲೆ ಅದು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಅತಿಥಿಗಳ ಚಪ್ಪಲಿ ಹಾಕಿಕೊಂಡು ಒಬ್ಬ ಮನುಷ್ಯ ಇಡೀ ಚಳಿಗಾಲ ನನ್ನ ಮನೆಯಲ್ಲಿ ಓಡಾಡಿದ್ದ. ನಾನು ಏನೋ ಕೆಲಸವಿದ್ದಂತೆ ಅಡಿಗೆಮನೆಗೆ ಹೋದೆ.

ಊಟ ಮುಗಿದ ಮೇಲೆ ರಾಡ್ಕಾ ಬೈಠಕ್ಕಿನ ಕೋಣೆಯ ಮಧ್ಯೆ ನಿಂತು ಸುತ್ತ ಒಂದು ಸಲ ನೋಡಿದಳು. ಗೋಡೆಯ ಮೇಲೆ ಲುಮೀರ್‌ನ ಫೋಟೋ, ಲುಮೀರ್ ಮಾಡಿದ ಕಪಾಟು, ಕಿಟಕಿಯ ಹತ್ತಿರ ನನ್ನ ಹೊಲಿಗೆ ಯಂತ್ರ.

"ಅಪ್ಪಾ, ತಪ್ಪು ತಿಳ್ಕೋಬೇಡ. ಇಲ್ಲಿ ನಿಂದು ಅಂತ ಏನಿದೆ?"

"ಯಾಕೆ, ಇನ್ಸ್‌ಪೆಕ್ಟರ್ ಇದ್ದಾನಲ್ಲ," ಎಂದು ಓಟಕರ್ ತೊಟ್ಟಿಯ ಕಡೆ ಕೈ ತೋರಿಸಿದ.

"ಎಲ್ಲಿ?"

ಮೂವರೂ ಹುಡುಕಿದೆವು. ಟೆಟ್ರಾಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಕೊನೆಗೆ ಓಟಕರ್ ಕಂಡುಹಿಡಿದ. ಹಿಂದಿನ ಮೂಲೆಯಲ್ಲಿ, ನೀರು ಬಿಸಿ ಮಾಡುವ ಕೊಳವೆ ಮತ್ತು ಗಾಜಿನ ನಡುವಿನ ಸಂದಿಯಲ್ಲಿ, ತಲೆ ಮೇಲೆ ಮಾಡಿ ಒರಗಿಕೊಂಡಿದ್ದ. ಎದೆಯ ಕಿತ್ತಳೆ ಬಣ್ಣ ಇರಲಿಲ್ಲ. ಒಂದು ಎಳೆ ಅರ್ಧಕ್ಕೆ ತುಂಡಾಗಿತ್ತು.

ನಾವು ನೋಡುತ್ತಿದ್ದಂತೆ ಅವನು ನಿಧಾನವಾಗಿ ಸಂದಿಯಿಂದ ಹೊರಗೆ ಬಂದು ಮೇಲಕ್ಕೆ ಏರತೊಡಗಿದ. ನೀರಿನ ಮೇಲ್ಮೈಗೆ ಇನ್ನು ನಾಲ್ಕು ಬೆರಳು ಇದೆ ಎನ್ನುವಾಗ ಬೇರಿನ ಅಡಿಯಿಂದ ನನ್ನ ಗಂಡು ಗೌರಾಮಿ ನುಗ್ಗಿ ಬಂತು. ಇನ್ಸ್‌ಪೆಕ್ಟರ್ ಉಸಿರು ತೆಗೆದುಕೊಳ್ಳದೆಯೇ ಕೆಳಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಏರಿದ, ಮತ್ತೆ ಅದು ಅಟ್ಟಿತು.

"ಅವನನ್ನ ಮೇಲೆ ಬರೋಕೆ ಬಿಡ್ತಿಲ್ಲ ಲಿಬುಶೆ," ಎಂದ ಓಟಕರ್. "ಉಸಿರಾಡೋಕೆ ಬಿಡ್ತಿಲ್ಲ."

ಊರಿಗೆಲ್ಲ ಬುದ್ಧಿ ಹೇಳುವ ನಾನು ಊಟದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ.

ರಾಡ್ಕಾ ಹೊರಟಳು. ಅಪ್ಪನನ್ನು ತಬ್ಬಿಕೊಂಡು, "ಸಂಜೆ ಫೋನ್ ಮಾಡಿ ಹೇಳು, ಏನಾದ್ರೂ ಸರಿ," ಎಂದಳು. ನಾನು ಅವಳನ್ನು ಮೆಟ್ಟಿಲವರೆಗೆ ಕಳಿಸಲು ಹೋದೆ. ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದಳು: "ನೀವು ಒಳ್ಳೆಯವರು, ನಂಗೊತ್ತು. ಆದ್ರೆ ನಮ್ಮಪ್ಪ ಮನೇಲಿ ಶಿಳ್ಳೆ ಹಾಕ್ಕೊಂಡು ಓಡಾಡೋ ಮನುಷ್ಯ. ಅಮ್ಮ ಬೈಯೋಳು, ತಲೆ ಚಿಟ್ಟು ಹಿಡೀತು ನಿಲ್ಸು ಅಂತ. ಇಲ್ಲಿ ಶಿಳ್ಳೆ ಹಾಕ್ತಾರಾ?"

ನನಗೆ ಕೋಪ ಬಂತು. ಬೇರೆಯವರು ಇದ್ದದ್ದು ಇದ್ದ ಹಾಗೆ ಹೇಳಿದರೆ ನನಗೆ ಮೊದಲು ಬರುವುದು ಕೋಪವೇ. ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಹೇಳಲು ಬರುತ್ತಾಳೆ ಎಂದುಕೊಂಡೆ. ಅವಳು ಮೆಟ್ಟಿಲಿಳಿದು ಹೋದಳು. ನಾನು ಅಲ್ಲೇ ನಿಂತು ನೆನಪು ಮಾಡಿಕೊಂಡೆ, ಒಂದು ಸಲವಾದರೂ ಅವನ ಶಿಳ್ಳೆ ಕೇಳಿದ್ದೇನೆಯೇ ಎಂದು. ಅವನಿಗೆ ಶಿಳ್ಳೆ ಹಾಕಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಒಳಗೆ ಬಂದರೆ ಅವನು ಉಪ್ಪಿನಕಾಯಿಯ ಜಾಡಿಯನ್ನು ತೊಳೆಯುತ್ತಿದ್ದ.

"ಏನು ಮಾಡ್ತಿದ್ದೀಯ?"

"ಇವನನ್ನ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಲಿಪ್ನಿಕ್‌ಗೆ. ಸಂಜೆ ರೈಲಿದೆ."

"ಮೀನನ್ನ ಬಿಟ್ಟು ಬರ್ತೀಯೋ, ನೀನೂ ಅಲ್ಲೇ..."

"ಅಲ್ಲಿ ನೋಡ್ಕೊಳ್ಳೋರು ಯಾರಿದ್ದಾರೆ?" ಎಂದ, ಜಾಡಿಯನ್ನು ಬೆಳಕಿಗೆ ಹಿಡಿದು ನೋಡುತ್ತ. "ನಾನೇ ಇರ್ಬೇಕು."

"ಕಿಟಕಿ ಕಟ್ಟೆ ಮೇಲಿನ ತೊಟ್ಟಿ ಖಾಲಿ ಇದೆಯಲ್ಲ ಓಟಾ. ಈಗಲೇ ಅಲ್ಲಿ ಬಿಟ್ಟುಬಿಡೋಣ. ಒಬ್ಬನೇ ಹಾಯಾಗಿರ್ತಾನೆ."

"ಮತ್ತೆ ಕಿಟಕಿ ಮೇಲಕ್ಕಾ?" ಅವನ ದನಿ ಏರಲಿಲ್ಲ. "ಇನ್ನೂ ಎಷ್ಟು ದಿನ ಕಿಟಕಿ ಮೇಲೆ ಇರ್ಬೇಕು ಅವನು?"

ಜಗಳಕ್ಕೆ ಬಂದಿದ್ದರೆ ನಾನು ಸುಲಭವಾಗಿ ಗೆಲ್ಲುತ್ತಿದ್ದೆ. ಅವನು ಜಗಳವಾಡುವ ಜಾತಿಯಲ್ಲ. ಟವೆಲಿನಿಂದ ಜಾಡಿಯನ್ನು ಒರೆಸಿ, ಟವೆಲನ್ನು ಮಡಿಸಿ, ನಾನು ಹೇಳಿದ ಕೊಕ್ಕೆಗೇ ಸರಿಯಾಗಿ ತೂಗುಹಾಕಿದ. ಬಲಗಡೆಯ ಕೊಕ್ಕೆಗೆ ಹಾಕು, ಎಡಗಡೆಯದಕ್ಕಲ್ಲ ಎಂದು ನಾನು ಎಷ್ಟು ಸಲ ಹೇಳಿರಬೇಕು, ಅವನು ಎಷ್ಟು ಸಲ ಸುಮ್ಮನೆ ಕೇಳಿರಬೇಕು.

ನಾನು ಬೈಠಕ್ಕಿನ ಕೋಣೆಗೆ ಹೋಗಿ ತೊಟ್ಟಿಯ ಮುಚ್ಚಳ ತೆಗೆದೆ. ತೋಳನ್ನೂ ಮಡಿಸಲಿಲ್ಲ. ಭಾನುವಾರದ ಒಳ್ಳೆಯ ಅಂಗಿಯ ಸಮೇತ ಭುಜದವರೆಗೆ ಕೈ ಇಳಿಸಿ ಬೇರನ್ನು ಹಿಡಿದೆ.

ಅವನು ಓಡಿ ಬಂದ. "ಬೇಡ ಲಿಬುಶೆ. ಅದು ಲುಮೀರ್ ಅವರದು. ಮುಟ್ಟಬೇಡ ಅದನ್ನ."

"ಮುಟ್ಟಬೇಡ ಅಂದವನು ಹೋದ," ಎಂದೆ. "ನೀನೂ ಮುಟ್ಟಬೇಡ ಅಂದು ಹೋಗ್ತೀಯಾ?"

ಬೇರು ಸುಲಭಕ್ಕೆ ಬರಲಿಲ್ಲ. ಇಷ್ಟು ವರ್ಷದ ಗಿಡಗಳು ಅದನ್ನು ಸುತ್ತಿಕೊಂಡು ತಳಕ್ಕೆ ಕಟ್ಟಿಹಾಕಿದ್ದವು. ಎರಡೂ ಕೈ ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ಎಳೆದೆ. ಕಿತ್ತು ಬಂದಾಗ ಅಡಿಯಿಂದ ಕಪ್ಪು ಕೆಸರು ಎದ್ದು ಇಡೀ ತೊಟ್ಟಿ ಕಾಫಿಯಂತಾಯಿತು. ಮೀನು ಒಂದೂ ಕಾಣಲಿಲ್ಲ. ನೀರು ಸೋರುವ ಬೇರನ್ನು ಮಗುವಿನಂತೆ ಎತ್ತಿಕೊಂಡು ನಾನು ನೆಲದ ಮೇಲೆ ಕೂತು ಅತ್ತೆ. ಲುಮೀರ್ ಅದನ್ನು ಇಟ್ಟ ಭಾನುವಾರ ನೆನಪಾಯಿತು. ಅವನನ್ನು ಮಣ್ಣು ಮಾಡಿದ ದಿನ ಕೂಡ ನಾನು ಹೀಗೆ ಅತ್ತಿರಲಿಲ್ಲ. ಅಂದು ನೂರು ಜನ ಬಂದಿದ್ದರು, ಕಾಫಿ ಕೊಡಬೇಕಿತ್ತು.

ಓಟಕರ್ ಟವೆಲು ತಂದು ನನ್ನ ಮುಖ ಒರೆಸಿದ. ನನ್ನ ಎರಡೂ ಕೈ ಕೆಸರಾಗಿತ್ತು.

ನನ್ನ ಗಂಡು ಗೌರಾಮಿ ಅಷ್ಟೆಲ್ಲ ಗಲಾಟೆಯಾದರೂ ತನ್ನ ನೊರೆಗೂಡು ಬಿಟ್ಟು ಕದಲಿರಲಿಲ್ಲ. ಸುಲಭವಾಗಿ ಬಲೆಗೆ ಬಿತ್ತು. ತೆಗೆದುಕೊಂಡು ಹೋಗಿ ಕಿಟಕಿ ಕಟ್ಟೆಯ ತೊಟ್ಟಿಗೆ ಬಿಟ್ಟೆ. ಕೆಲವು ದಿನ ಅಲ್ಲಿರಲಿ. ವಾಪಸ್ಸು ಬಂದಾಗ ಅದೇ ಹೊಸಬನಾಗಿರುತ್ತದೆ, ತಲೆ ತಗ್ಗಿಸಿಕೊಂಡು ಜಾಗ ಹುಡುಕುತ್ತದೆ.

ಕೈ ತೊಳೆದುಕೊಂಡು ಬಂದೆ. ನನಗೆ ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ನೇರವಾಗಿ ಕಪಾಟಿನ ಹತ್ತಿರ ಹೋಗಿ ಒಂದು ತುದಿಗೆ ಕೈ ಕೊಟ್ಟೆ.

"ಆ ಕಡೆ ಹಿಡ್ಕೋ ಓಟಾ. ಇದನ್ನ ಆ ಗೋಡೆಗೆ ಹಾಕೋಣ. ಸೋಫಾ ಈ ಕಡೆ. ಫೋಟೋ ಒಳಕೋಣೆಗೆ. ಎಲ್ಲ ಬದಲಾಯಿಸಿಬಿಡೋಣ ಇವತ್ತೇ."

ಅವನು ಹಿಡಿಯಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದ.

"ಸಾಕು ಮಾರಾಯ್ತಿ. ಮೀನನ್ನ ಕೇಳೋಕಾಗಲ್ಲ, ಅದಕ್ಕೇ ಕಲ್ಲು ಕೀಳ್ತೀಯ. ನಾನು ಮನುಷ್ಯ. ನನ್ನನ್ನ ಕೇಳಬಹುದಿತ್ತಲ್ಲ."

ನಾನು ಕಪಾಟಿನಿಂದ ಕೈ ತೆಗೆದೆ. ಅವನ ಮುಖ ನೋಡಿದೆ. ನಿಜ ಹೇಳಬೇಕೆಂದರೆ ಆ ಚಳಿಗಾಲದಲ್ಲಿ ಅವನಿಗೆ ನಾನು ಎಷ್ಟೋ ಹೇಳಿದ್ದೆ. ಒಂದನ್ನೂ ಕೇಳಿರಲಿಲ್ಲ, ಊಟಕ್ಕೆ ಇನ್ನಷ್ಟು ಬೇಕಾ ಎನ್ನುವುದನ್ನು ಬಿಟ್ಟು. ಅದನ್ನೂ ಬಡಿಸಿದ ಮೇಲೆ ಕೇಳುತ್ತಿದ್ದೆ.

"ಬೇರು ಎಲ್ಲಿಡಲಿ?" ಎಂದೆ.

"ನನ್ನ ಕೇಳ್ತಿದ್ದೀಯಾ?"

"ಇನ್ಯಾರಿದ್ದಾರೆ ಇಲ್ಲಿ?"

ಅವನು ಅಂಗಿಯ ತೋಳು ಮಡಿಸಿದ. ಬೇರನ್ನು ಎತ್ತಿ ತಿರುಗಿಸಿ ನೋಡಿದ. ರೈಲು ಡಬ್ಬಿಯ ಚಕ್ರ ಕೂರಿಸುವವನ ಹಾಗೆ ಒಂದು ಕಣ್ಣು ಮುಚ್ಚಿ ಅಳೆದ. ಆಮೇಲೆ ಅದನ್ನು ಎಡಗಡೆಯ ಮೂಲೆಯಲ್ಲಿ ಅಡ್ಡಡ್ಡ ಮಲಗಿಸಿದ. ಕಲ್ಲುಗಳನ್ನು ಬಲಗಡೆ ಒಂದರ ಮೇಲೊಂದು ಪೇರಿಸಿದ, ಆಲೂಗಡ್ಡೆ ಮೂಟೆಯಿಂದ ಸುರಿದ ಹಾಗೆ. ಗಿಡಗಳನ್ನು ಸಾಲಾಗಿ ನೆಟ್ಟ. ಯಾರಾದರೂ ತೊಟ್ಟಿಯೊಳಗೆ ಸಾಲು ನೆಡುತ್ತಾರೆಯೇ? ನಾನು ತುಟಿ ಕಚ್ಚಿಕೊಂಡು ನಿಂತೆ. ಕೈಗಳು ತಾವಾಗಿ ಮುಂದೆ ಹೋಗುತ್ತಿದ್ದವು, ಬೆನ್ನ ಹಿಂದೆ ಕಟ್ಟಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಹೇಗಿದೆ?" ಎಂದ.

"ಚೆನ್ನಾಗಿದೆ."

"ಸುಳ್ಳು."

"ಹೌದು, ಸುಳ್ಳು. ದರಿದ್ರವಾಗಿದೆ. ಕೊಪೆಚೆಕ್ ನೋಡಿದ್ರೆ ವರ್ಷವಿಡೀ ಆಡ್ಕೋತಾನೆ." ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡೆ. "ಆದ್ರೂ ಇರಲಿ. ನೀನೂ ಇರು ಓಟಾ. ಹೋಗಬೇಡ. ನೀನು ಹೋದ್ರೆ ನಂಗೆ ಈ ಮನೇಲಿ ಇರೋಕಾಗಲ್ಲ."

ಅರ್ಧದಷ್ಟು ನೀರು ತೆಗೆದು ಹೊಸ ನೀರು ತುಂಬಿದೆವು. ಅವನು ಬಕೆಟು ಹೊತ್ತ, ನಾನು ಸುರಿದೆ. ಆಮೇಲೆ ಅವನು ನೆಲದ ಮೇಲೆ, ನಾನು ಅವನ ಪಕ್ಕದಲ್ಲಿ, ಕೆಸರು ಇಳಿಯುವುದನ್ನು ನೋಡುತ್ತ ಕೂತೆವು. ಮೊದಲು ಟೆಟ್ರಾಗಳು ಕಾಣಿಸಿದವು, ಎಲ್ಲಿ ಬಂದೆವೋ ಎಂಬಂತೆ ಒಂದಕ್ಕೊಂದು ಅಂಟಿಕೊಂಡು. ಕಿಟಕಿಯಾಚೆ ಬೆಳಕು ಕಡಿಮೆಯಾಗುತ್ತಿದ್ದಾಗ ಇನ್ಸ್‌ಪೆಕ್ಟರ್ ಮೂಲೆಯಿಂದ ಹೊರಬಿದ್ದ. ಉಳಿದ ಒಂದೂವರೆ ಎಳೆಯಿಂದ ಪೇರಿಸಿದ ಕಲ್ಲನ್ನು ಮುಟ್ಟಿದ, ಮಲಗಿದ ಬೇರನ್ನು ಮುಟ್ಟಿದ. ಆಮೇಲೆ ಅವಸರವಿಲ್ಲದೆ ಮೇಲಕ್ಕೆ ಹೋಗಿ, ಬಾಯಿ ಹೊರಗಿಟ್ಟು, ಒಂದು ಗುಟುಕು ಗಾಳಿ ಕುಡಿದ. ಯಾರೂ ಅಟ್ಟಲಿಲ್ಲ. ಮತ್ತೆ ಒಂದು ಗುಟುಕು ಕುಡಿದ.

ಓಟಕರ್ ಎದ್ದು ಫೋನ್ ತೆಗೆದುಕೊಂಡ.

"ರಾಡ್ಕಾ, ಮನೆ ನಿಂದು ಕಣಮ್ಮ," ಎಂದ. "ಹೂಂ, ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಒಂದೇ ಒಂದು ವಿಷಯ. ನನ್ನ ಕೆಲಸದ ಮೇಜು ಇಲ್ಲಿಗೆ ಬೇಕು. ಹೌದು, ಇಕ್ಕಳ, ಅರ, ಎಣ್ಣೆ ಡಬ್ಬಿ ಎಲ್ಲ ಸಮೇತ. ಎಲ್ಲಿಡೋದು ಅಂತಾನಾ? ತಡಿ, ಒಂದ್ನಿಮಿಷ."

ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ.

"ಕಿಟಕಿ ಹತ್ತಿರ ಬೆಳಕು ಚೆನ್ನಾಗಿದೆ. ಅಲ್ಲಿಡಲಾ?"

ಅಲ್ಲಿ ನನ್ನ ಹೊಲಿಗೆ ಯಂತ್ರ ಇತ್ತು, ಕಸೂತಿ ಹಾಕಿದ ಬಟ್ಟೆ ಹೊದಿಸಿಕೊಂಡು, ನಾನು ಮದುವೆಯಾಗಿ ಬಂದ ವರ್ಷದಿಂದ. ಅದನ್ನು ಒಳಕೋಣೆಯ ಕತ್ತಲೆಗೆ ಸಾಗಿಸಿ, ಆ ಜಾಗದಲ್ಲಿ ಎಣ್ಣೆ ಜಿಡ್ಡಿನ ಒಂದು ಮೇಜು, ಕಬ್ಬಿಣದ ಪುಡಿ ನೆಲದ ಮೇಲೆಲ್ಲ. ನಾನು ಎದ್ದು ಹೋಗಿ ಆ ಕಸೂತಿ ಬಟ್ಟೆಯ ಅಂಚನ್ನು ಸರಿಮಾಡಿದೆ. ಅವನು ಫೋನಿಗೆ ಕೈ ಮುಚ್ಚಿಕೊಂಡೇ ಕಾದ. ಅವಸರ ಮಾಡಲಿಲ್ಲ, ಬೇಡವಾದರೆ ಬಿಡು ಎಂದು ಈ ಸಲ ಹೇಳಲೂ ಇಲ್ಲ.

"ಇಡು," ಎಂದೆ.